ಅಮ್ಮನ ಬಣ್ಣಕ್ಕೆ ಪುಸ್ತಕದಲ್ಲಿ ಪುಟವಿಲ್ಲ

ನಾನು ಫೋಟೊ ತೆಗೆಯಲು ಕಲಿತದ್ದು ಸಿಟ್ಟಿನಿಂದ. ನಾನು ಪಾಠ ಮಾಡುವ ಕಾಲೇಜಿನಲ್ಲಿ ಕೇಳಿದವರಿಗೆಲ್ಲ ಹವ್ಯಾಸ ಅಂತ ಹೇಳಿದ್ದೆ. ಹವ್ಯಾಸಕ್ಕೆ ಯಾರೂ ಅಷ್ಟು ಹಲ್ಲು ಕಚ್ಚಿಕೊಂಡು ಪುಸ್ತಕ ಓದುವುದಿಲ್ಲ.

ಸಿಟ್ಟು ಶುರುವಾದದ್ದು ಬಲಸಮುದ್ರದಲ್ಲಿ, ದೊಡ್ಡಮ್ಮನ ತಿಥಿಯ ದಿನ. ದೊಡ್ಡಮ್ಮ ನಮ್ಮಮ್ಮನಿಗೆ ಒಬ್ಬಳೇ ಅಕ್ಕ. ಬರಗೂರಿನ ಹತ್ತಿರದ ತವರಿನಿಂದ ಪಾವಗಡದ ಕಡೆಗೆ ಮದುವೆಯಾಗಿ ಹೋಗಿ, ಅರ್ಧ ತೆಲುಗು ಕಲಿತು, ಹೊಲವನ್ನು ಸೋಲಾರ್ ಪಾರ್ಕಿಗೆ ಗುತ್ತಿಗೆ ಕೊಟ್ಟ ಮೇಲೂ ದಿನಾ ಬೆಳಗ್ಗೆ ಆ ಕಡೆಗೇ ನಡೆದುಹೋಗಿ ತಂತಿಬೇಲಿ ಹಿಡಿದು ನಿಂತು ಬರುತ್ತಿದ್ದವಳು. ಅವಳ ಮನೆಯ ನಡುಮನೆಯಲ್ಲಿ ಕುರ್ಚಿಯ ಮೇಲೆ ದೊಡ್ಡ ಫೋಟೊ ಇಟ್ಟು ಹಾರ ಹಾಕಿದ್ದರು. ಅಮ್ಮ ಕೈಯಲ್ಲಿ ಹೂ ಹಿಡಿದು ಅದರ ಮುಂದೆಯೇ ನಿಂತುಕೊಂಡು, ಅಕ್ಕನ ಫೋಟೊ ಎಲ್ಲಿಟ್ಟಿದೀರಿ ಅಂತ ಕೇಳಿದಳು.

ಈ ಪ್ರಶ್ನೆ ನನ್ನ ಕಿವಿಯಲ್ಲಿ ಇವತ್ತಿಗೂ ಇದೆ. ಆದರೆ ಆ ದಿನದ ನನ್ನ ದಿನಚರಿ ನೋಡಿದರೆ ನಾನು ಆ ಹೊತ್ತಿನಲ್ಲಿ ಹಿತ್ತಲಲ್ಲಿ ಊಟದ ಎಲೆ ತೊಳೆಯುತ್ತಿದ್ದೆ ಅಂತಿದೆ. ನಾನೇ ಕೇಳಿಸಿಕೊಂಡೆನೋ, ಆಮೇಲೆ ನೆಂಟರೆಲ್ಲ ಹೇಳಿ ಹೇಳಿ ನಾನೇ ಕೇಳಿಸಿಕೊಂಡಂತೆ ಆಯಿತೋ, ಈಗ ಬಿಡಿಸಿ ಹೇಳಲಾರೆ. ಫೋಟೊ ನೋಡಿದ್ದು ಮಾತ್ರ ನಾನೇ, ಅದರಲ್ಲಿ ಅನುಮಾನವಿಲ್ಲ.

ಆಧಾರ್ ಕಾರ್ಡಿನಲ್ಲಿದ್ದ ದೊಡ್ಡಮ್ಮನ ಮುಖವನ್ನು ಕತ್ತರಿಸಿ, ರೇಷ್ಮೆ ಸೀರೆ ಉಟ್ಟ ಇನ್ಯಾವಳದೋ ಮೈಗೆ ಕೂರಿಸಿದ್ದರು. ಸ್ಟುಡಿಯೋಗಳಲ್ಲಿ ಇಂಥ ಮೈಗಳು ತಯಾರಾಗೇ ಇರುತ್ತವೆ. ಹೆಂಗಸರಿಗೆ ಜರಿಸೀರೆ ಮತ್ತು ಕಾಸಿನ ಸರ, ಗಂಡಸರಿಗೆ ಕೋಟು. ಕತ್ತಿನ ಹತ್ತಿರ ಎರಡೂ ಸೇರುವ ಕಡೆ ಗೊತ್ತಾಗದಿರಲಿ ಅಂತ ಮುಖವನ್ನೂ ಆ ಮೈಯ ಬಣ್ಣಕ್ಕೇ ತಂದಿದ್ದರು. ಕೆನೆಗೆ ಚಿಟಿಕೆ ಅರಿಶಿನ ಹಾಕಿದ ಬಣ್ಣ. ಹಿಂದೆ ಒಂದು ಜಲಪಾತ. ಕಪ್ಪು ಕಲ್ಲಿನ ಹಾಗೆ ಮಿನುಗುತ್ತಿದ್ದ ನಮ್ಮ ದೊಡ್ಡಮ್ಮ ಆ ಚೌಕಟ್ಟಿನೊಳಗೆ ಎಲ್ಲೂ ಇರಲಿಲ್ಲ.

ಆ ಫೋಟೊ ಮಾಡಿಸಿದವನು ದೊಡ್ಡಮ್ಮನ ಮಗ. ನನಗೆ ಅಣ್ಣನಾಗಬೇಕು. ಅವನು ಅಮ್ಮನ ಹೆಗಲು ಹಿಡಿದುಕೊಂಡು, ಇದೇ ಕಣಮ್ಮ ಪಿನ್ನಮ್ಮ, ಚೆನ್ನಾಗಿ ನೋಡು ಅಂದ. ಚಿಕ್ಕಮ್ಮನನ್ನು ಅವನು ಆ ಕಡೆಯ ತೆಲುಗಿನಲ್ಲಿ ಪಿನ್ನಮ್ಮ ಅಂತಲೇ ಕರೆಯುವುದು. ಅಮ್ಮ ನೋಡಿದಳು. ಹೂವನ್ನು ಫೋಟೊಗೆ ಹಾಕಲಿಲ್ಲ, ಎಡೆಯ ಪಕ್ಕದಲ್ಲಿ ನೆಲದ ಮೇಲೆ ಇಟ್ಟಳು. ದುಃಖಕ್ಕೆ ಬುದ್ಧಿ ಕಲಕಿದೆ ಅಂತ ಹೆಂಗಸರು ಅವಳನ್ನು ಒಳಗೆ ಕರೆದುಕೊಂಡು ಹೋದರು.

ಮಧುಗಿರಿಗೆ ವಾಪಸು ಬರುವಾಗ ಬಸ್ಸಿನಲ್ಲಿ ಅಮ್ಮ ಕಿಟಕಿಯ ಕಡೆ ತಿರುಗಿಕೊಂಡೇ ಹೇಳಿದಳು.

"ಬದುಕಿರೋವಾಗ ಊರೆಲ್ಲ ಕರಿ ಅಂದ್ರು. ಸತ್ತ ಮ್ಯಾಲೆ ಬೆಳ್ಳಗೆ ಮಾಡ್ಬುಟ್ರು. ಅವಳನ್ನ ಅವಳಂಗೆ ಯಾವಾಗ ನೋಡಿದ್ರೇ ಇವ್ರು?"

ಅವರಿಬ್ಬರನ್ನೂ ತವರೂರಿನಲ್ಲಿ ಕರಿಯಕ್ಕ, ಕರಿತಂಗಿ ಅಂತಲೇ ಕರೆಯುತ್ತಿದ್ದರಂತೆ. ಅಮ್ಮ ಅಳುತ್ತಿದ್ದಳಂತೆ, ದೊಡ್ಡಮ್ಮ ಮಾತ್ರ ಹಾಗೆ ಕರೆದವರ ಮನೆಬಾಗಿಲಿಗೇ ಹೋಗಿ ನಿನ್ನ ಮೂತಿ ನೋಡ್ಕೋ ಅಂತ ಬೈದು ಬರುತ್ತಿದ್ದಳಂತೆ. ಇದನ್ನೆಲ್ಲ ಹೇಳಿ ಮುಗಿಸಿ ಅಮ್ಮ ತನ್ನ ವಿಷಯಕ್ಕೆ ಬಂದಳು. ತನಗೆ ಗಂಡುಮಕ್ಕಳಿಲ್ಲ. ನಾಳೆ ತನ್ನ ಕಾರ್ಯ ಮಾಡುವವನು ಅಕ್ಕನ ಮಗನೇ, ಫೋಟೊ ಮಾಡಿಸುವವನೂ ಅವನೇ. ಅಷ್ಟರೊಳಗೆ ನೀನು ನನ್ನದೊಂದು ಫೋಟೊ ತೆಗೆದು ಗೋಡೆಗೆ ಹಾಕಿಬಿಡು, ಅದರಲ್ಲಿ ನಾನು ನನ್ನಂಗೇ ಇರಬೇಕು ಅಂದಳು. ಅವಳಿಗೆ ಕಾಯಿಲೆ ಏನೂ ಇರಲಿಲ್ಲ. ಬಸ್ ಸ್ಟಾಂಡಿನಿಂದ ಮನೆಗೆ ನನಗಿಂತ ಮುಂದೆ ನಡೆದವಳೇ ಅವಳು.

ಮೊಬೈಲಿನಲ್ಲಿ ತೆಗೆದೆ. ನನ್ನ ಮೊಬೈಲು ಯಾರನ್ನೂ ಕೇಳದೆ ಮುಖ ತೊಳೆದು ಪೌಡರ್ ಹಾಕುವಂಥದ್ದು. ಆ ಸೆಟ್ಟಿಂಗ್ ಆಫ್ ಮಾಡಿದ ಮೇಲೂ ಒಂದಿಷ್ಟು ಹಾಕುತ್ತಲೇ ಇತ್ತು. ಕೊನೆಗೆ ಸಹೋದ್ಯೋಗಿಯೊಬ್ಬರು ಬೀರುವಿನಲ್ಲಿ ಮಡಗಿದ್ದ ಹಳೆಯ ಡಿಜಿಟಲ್ ಕ್ಯಾಮರಾ ತೆಗೆದುಕೊಂಡೆ, ಜೊತೆಗೆ ಪುಸ್ತಕಗಳನ್ನೂ. ಯಾವ ವಿಷಯವನ್ನಾದರೂ ಪುಸ್ತಕ ಇಟ್ಟುಕೊಂಡು ಕಲಿಯಬಹುದು ಎನ್ನುವುದು ವಿಶ್ವವಿದ್ಯಾಲಯ ನನಗೆ ಅಂಟಿಸಿ ಕಳಿಸಿದ ನಂಬಿಕೆ.

ಮೊದಲ ಪುಸ್ತಕ ಆನ್‌ಲೈನಿನಲ್ಲಿ ತರಿಸಿದ ದಪ್ಪನೆಯ ಇಂಗ್ಲಿಷ್ ಪುಸ್ತಕ. ಹೊಳೆಯುವ ಕಾಗದ. ಹಿಮದ ಬೆಟ್ಟ, ಹಿಮದ ಮೇಲೆ ನಾಯಿ, ಹಿಮದಲ್ಲಿ ಕೆಂಪು ಟೋಪಿ ಹಾಕಿಕೊಂಡ ಮಗು. ಹಿಮವನ್ನು ಬೆಳ್ಳಗೆ ಕಾಣಿಸುವುದು ಹೇಗೆ ಅಂತ ಒಂದು ಇಡೀ ಅಧ್ಯಾಯ. ಮಧುಗಿರಿಯಲ್ಲಿ ಕೂತು ನಾನು ಅದನ್ನು ಗೆರೆ ಎಳೆದು ಓದಿದೆ. ಮುಖದ ಅಧ್ಯಾಯದಲ್ಲಿ ಕೆನ್ನೆ ಕೆಂಪಾಗದಂತೆ ನೋಡಿಕೊಳ್ಳುವುದು, ಚುಕ್ಕೆಗಳನ್ನು ಮೃದು ಮಾಡುವುದು, ನೀಲಿ ಕಣ್ಣಿಗೆ ಹೊಳಪು ಕೊಡುವುದು ಎಲ್ಲ ಇತ್ತು. ನಮ್ಮ ವಿಷಯ ಒಂದು ಮೂಲೆಯಲ್ಲಿ, ಬೂದು ಬಣ್ಣದ ಪುಟ್ಟ ಚೌಕದೊಳಗೆ, ಕಷ್ಟದ ಸಂದರ್ಭಗಳು ಎನ್ನುವ ತಲೆಬರಹದ ಕೆಳಗಿತ್ತು. ಮಂಜು, ಪಟಾಕಿ, ಗಾಜಿನೊಳಗಿನ ಮೀನು, ಕಪ್ಪು ಚರ್ಮ. ನಾನು ಪುಸ್ತಕ ಮುಚ್ಚಿ ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದೆ. ಪ್ರಪಂಚದ ಅರ್ಧಕ್ಕಿಂತ ಹೆಚ್ಚು ಜನ ಒಂದು ಕಷ್ಟದ ಸಂದರ್ಭವಂತೆ. ನಮ್ಮಮ್ಮ ಗಾಜಿನೊಳಗಿನ ಮೀನಿನ ಪಕ್ಕದಲ್ಲಿ.

ಎರಡನೆಯದು ಗ್ರಂಥಾಲಯದಲ್ಲಿ ಸಿಕ್ಕಿದ ಕನ್ನಡ ಪುಸ್ತಕ. ನಮ್ಮ ಭಾಷೆಯದು ಅಂತ ಆಸೆಯಿಂದ ತಂದೆ. ಅದು ಇನ್ಯಾವುದೋ ಪುಸ್ತಕವನ್ನು ಹಾಗೇ ಕನ್ನಡಕ್ಕೆ ಇಳಿಸಿದ್ದು, ಹಿಮವೂ ಸಮೇತ. ಚಿತ್ರಗಳನ್ನು ಖರ್ಚು ಉಳಿಸಲು ಕಪ್ಪುಬಿಳುಪಿನಲ್ಲಿ ಅಚ್ಚು ಹಾಕಿದ್ದರು. ಎಡಗಡೆಯ ಚಿತ್ರದಲ್ಲಿ ಚರ್ಮ ನೀಲಿಗೆ ತಿರುಗಿರುವುದನ್ನೂ ಬಲಗಡೆಯದರಲ್ಲಿ ಅದು ಸರಿಯಾಗಿರುವುದನ್ನೂ ಗಮನಿಸಿ ಅಂತ ಬರೆದಿತ್ತು. ಎರಡೂ ಚಿತ್ರ ಒಂದೇ ಬೂದು. ನಾನು ಗಮನಿಸಿದೆ. ಕನ್ನಡಕ ತೆಗೆದು ಗಮನಿಸಿದೆ, ಹಾಕಿಕೊಂಡು ಗಮನಿಸಿದೆ. ನಮ್ಮವರಿಗೆ ಇಷ್ಟು ಸಾಕು ಅಂತ ಯಾರೋ ಎಲ್ಲೋ ತೀರ್ಮಾನ ಮಾಡಿದ್ದಾರೆ, ಆ ತೀರ್ಮಾನವನ್ನು ನಾನು ಗ್ರಂಥಾಲಯದ ಮುದ್ರೆ ಹಾಕಿಸಿಕೊಂಡು ಮನೆಗೆ ತಂದಿದ್ದೇನೆ ಅನ್ನಿಸಿತು.

ಆದರೂ ಓದಿದೆ, ಪ್ರಯೋಗ ಮಾಡಿದೆ. ಸುಣ್ಣದ ಗೋಡೆಯ ಮುಂದೆ ಅಮ್ಮನನ್ನು ಕೂರಿಸಿದರೆ ಕ್ಯಾಮರಾ ಗೋಡೆಯ ಬೆಳಕಿಗೆ ಹೆದರಿ ಎಲ್ಲವನ್ನೂ ಮಂಕು ಮಾಡುತ್ತಿತ್ತು, ಅಮ್ಮನ ಮುಖ ಮಸಿಯಾಗುತ್ತಿತ್ತು. ಕತ್ತಲೆಯ ಬಾಗಿಲ ಮುಂದೆ ಕೂರಿಸಿದರೆ ಕತ್ತಲೆಯನ್ನು ಬೆಳಗಲು ಹೋಗಿ ಮುಖವನ್ನು ಬೂಷ್ಟು ಹಿಡಿದ ಹಾಗೆ ಬಿಳಿಚಿಸುತ್ತಿತ್ತು. ಕ್ಯಾಮರಾದ ತಿರುಗಣೆಯ ಮೇಲೆ ಮುಖಕ್ಕೆಂದೇ ಒಂದು ಗುರುತಿದೆ, ಹೆಂಗಸಿನ ತಲೆಯ ಚಿತ್ರ. ಅದಕ್ಕಿಟ್ಟು ತೆಗೆದೆ. ಸುಕ್ಕು ಹೋಗಿ, ಬಣ್ಣ ತಿಳಿಯಾಗಿ ಬಂತು. ಅಮ್ಮ ಪರದೆಯನ್ನು ನೋಡಿ ಹೇಳಿದಳು: "ಇದೂ ಆ ಸ್ಟುಡಿಯೋದವನ ಮಗಾನೇ ಕಣೇ."

ಬಣ್ಣ ಇನ್ನೊಂದು ರಗಳೆ. ನಮ್ಮ ಮನೆಯ ಒಳಗೋಡೆಗಳು ಗಿಣಿ ಹಸಿರು. ಅದರ ನೆರಳೆಲ್ಲ ಅಮ್ಮನ ಕೆನ್ನೆಯ ಮೇಲೆ. ಎರಡೂ ಪುಸ್ತಕಗಳು ಇದಕ್ಕೆ ಒಂದೇ ಉಪಾಯ ಹೇಳಿದವು. ಬೂದು ಬಣ್ಣದ ಒಂದು ಕಾರ್ಡು ಕೊಂಡುಕೊಳ್ಳಿ, ಅದನ್ನು ಕ್ಯಾಮರಾಗೆ ತೋರಿಸಿ, ಉಳಿದ ಬಣ್ಣಗಳನ್ನು ಅದು ತಾನಾಗಿ ಸರಿಮಾಡಿಕೊಳ್ಳುತ್ತದೆ. ಮಧುಗಿರಿಯ ಯಾವ ಅಂಗಡಿಯಲ್ಲೂ ಅಂಥ ಕಾರ್ಡು ಸಿಗಲಿಲ್ಲ. ಬೇಸತ್ತು ತಾರಸಿಗೆ ಹೋದೆ. ಎದುರಿಗೆ ಬೆಟ್ಟ. ಊರಿನ ತಲೆಯ ಮೇಲೆ ನಿಂತಿರುವ ಆ ಒಂದೇ ಬಂಡೆ. ಇಷ್ಟು ದೊಡ್ಡ ಬೂದುಗಲ್ಲನ್ನು ಎದುರಿಗಿಟ್ಟುಕೊಂಡು ಕಾರ್ಡು ಹುಡುಕುತ್ತಿದ್ದೇನಲ್ಲ ಅಂತ ನನಗೆ ನಗು ಬಂತು, ಹೆಮ್ಮೆಯೂ ಆಯಿತು. ಬೆಟ್ಟವನ್ನೇ ಕ್ಯಾಮರಾಗೆ ಬೂದು ಅಂತ ಪರಿಚಯ ಮಾಡಿಸಿ, ಅಮ್ಮನನ್ನು ತಾರಸಿಗೆ ಕರೆದು ಫೋಟೊ ತೆಗೆದೆ.

ಅಮ್ಮ ನೀಲಿಯಾಗಿ ಬಂದಳು, ನಾಟಕದ ಕೃಷ್ಣನ ಹಾಗೆ.

ಪುಸ್ತಕವನ್ನು ಬೈದೆ, ಕ್ಯಾಮರಾವನ್ನು ಬೈದೆ. ಆಮೇಲೆ ತಲೆಯೆತ್ತಿ ಬೆಟ್ಟ ನೋಡಿದೆ. ಅದು ಬೂದು ಅಲ್ಲ. ಮೈತುಂಬ ಜೇಡಿಮಣ್ಣಿನ ಕೆಂಚು ಬಣ್ಣ, ಮಳೆನೀರು ಇಳಿದ ಕಡೆ ಕರಿ ಗೆರೆ, ಕೋಟೆಗೋಡೆಯ ಕೆಳಗೆ ಹಳದಿ. ಆ ಕೆಂಚನ್ನು ಬಣ್ಣವೇ ಅಲ್ಲ ಅಂತ ನಾನು ಹೇಳಿಕೊಟ್ಟಿದ್ದೆ, ಕ್ಯಾಮರಾ ನಂಬಿ ಅಷ್ಟೂ ಕೆಂಪನ್ನು ಅಮ್ಮನ ಮುಖದಿಂದ ಕಳೆದಿತ್ತು. ಹುಟ್ಟಿದಾಗಿನಿಂದ ದಿನಾ ನೋಡಿದ ಬೆಟ್ಟ. ಕೋರ್ಟಿನಲ್ಲಿ ಕೇಳಿದ್ದರೂ ಬೂದು ಅಂತಲೇ ಪ್ರಮಾಣ ಮಾಡುತ್ತಿದ್ದೆ. ಹಾಗಾದರೆ ದೊಡ್ಡಮ್ಮನ ಬಣ್ಣ ನನಗೆ ಗೊತ್ತು ಅಂತ ಇಷ್ಟು ದಿನ ಕೂಗಾಡುತ್ತಿದ್ದೆನಲ್ಲ, ಅದು ನಿಜವಾಗಿ ಗೊತ್ತಿತ್ತೇ? ಕಣ್ಣು ಮುಚ್ಚಿ ಅವಳನ್ನು ನೆನೆಸಿಕೊಂಡರೆ ಈಗ ಬರುವ ಮುಖದ ಹಿಂದೆ ಜಲಪಾತ ಇರುತ್ತಿತ್ತು. ಒಂದು ಫೋಟೊ ಎದೆಯೊಳಗಿನ ಮುಖವನ್ನೂ ಒರೆಸಿ ತಾನು ಕೂತಿತ್ತು. ನನ್ನ ಸಿಟ್ಟು ಮತ್ತೆ ಏರಿದ್ದು ಅವತ್ತೇ.

ಕೊನೆಗೆ ಫೋಟೊ ಸಿಕ್ಕಿದ್ದು ಮನೆ ಮುಂದಿನ ಜಗಲಿಯಲ್ಲಿ. ಅಮ್ಮ ಹುಣಸೆಹಣ್ಣು ಬಿಡಿಸುತ್ತಾ ನೆರಳಲ್ಲಿ ಕೂತಿದ್ದಳು, ಬೆಳಕು ರಸ್ತೆಯ ಕಡೆಯಿಂದ ಮೆತ್ತಗೆ ಬರುತ್ತಿತ್ತು. ಉತ್ತರಪತ್ರಿಕೆಯೊಂದರ ಖಾಲಿ ಹಾಳೆಯನ್ನು ಕ್ಯಾಮರಾಗೆ ತೋರಿಸಿ ಬಣ್ಣ ಸರಿಮಾಡಿಕೊಂಡೆ. ತೆಗೆಯುವವರ ಕಣ್ಣು ಕೂತವರ ಕಣ್ಣಿನ ಮಟ್ಟಕ್ಕೆ ಇಳಿಯಬೇಕು ಅಂತ ಪುಸ್ತಕದಲ್ಲಿತ್ತು. ಅಮ್ಮ ಬಗ್ಗಿ ಕೂತಿದ್ದರಿಂದ ನಾನು ಜಗಲಿಯ ಕೆಳಗೆ ಮೊಣಕಾಲೂರಿ, ಅದೂ ಸಾಲದೆ ಮಲಗಿ ಹಿಡಿದೆ. ರಸ್ತೆಯಲ್ಲಿ ಹೋಗುವವರು ನೋಡುತ್ತಿದ್ದರು. "ಮಣ್ಣಾಗೆ ಹೊರಳಾಡು ಅಂತಾನೂ ಬರ್ದವ್ರಾ ಅದ್ರಾಗೆ?" ಅಂದು ಅಮ್ಮ ನಕ್ಕಳು. ಒತ್ತಿದೆ.

ಸರಿಯಾಗಿ ಬಂದಿತ್ತು. ಕಪ್ಪು ಕಪ್ಪಾಗೇ ಇತ್ತು, ಅದರೊಳಗೆ ಕೆಂಪಿತ್ತು, ಹಣೆಯ ಮೇಲೆ ಬೆಳಕು ಬಿದ್ದ ಕಡೆ ತಾಮ್ರ ಇತ್ತು. ಅಮ್ಮ ಪರದೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, ಹ್ಞೂ, ಇವಳು ನಮ್ಮೋಳು ಅಂದಳು.

ಅದೇ ವಾರ ಅಣ್ಣ ಕೊರಟಗೆರೆಗೆ ಯಾವುದೋ ಮದುವೆಗೆ ಹೋಗುವವನು ದಾರಿಯಲ್ಲಿ ನಮ್ಮ ಮನೆಗೆ ಬಂದ. ನಾನೇ ಉಬ್ಬಿಹೋಗಿ ಫೋಟೊ ತೋರಿಸಿದೆ. ಅವನು ಕ್ಯಾಮರಾದ ಪರದೆಗೆ ತನ್ನ ಮೊಬೈಲು ಹಿಡಿದು ಒಂದು ತೆಗೆದುಕೊಂಡು, ಬೆರಳಲ್ಲಿ ಏನೋ ಎಳೆದು, ಕಾಫಿ ಆರುವುದರೊಳಗೆ ಅಮ್ಮನನ್ನು ಬೆಳ್ಳಗೆ ಮಾಡಿ ತೋರಿಸಿದ. ತಲೆಯ ಹಿಂದೆ ಒಂದು ಪ್ರಭೆಯೂ ಬಂದಿತ್ತು. "ಈಗ ನೋಡು ಪಿನ್ನಮ್ಮ, ಎಂಗಿದೀಯ. ಸ್ಕ್ರೀನಿಂದ ತೆಗ್ದಿದ್ದು ದೊಡ್ಡದು ಮಾಡಕ್ಕಾಗಲ್ಲ. ಇವಳು ಒರಿಜಿನಲ್ ಕಳಿಸಿದ್ರೆ ಅಮ್ಮಂದು ಮಾಡಿದೋನ ಹತ್ರಾನೇ ಮಾಡಿಸ್ತೀನಿ. ಇಬ್ರೂ ಒಂದೇ ತರ ಇರ್ತೀರ."

ನಾನು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ನಿನ್ನ ಹೆತ್ತವಳನ್ನು ನೀನೇ ಗುರುತಿಸದ ಹಾಗೆ ಮಾಡಿದೆಯಲ್ಲ ಅಂತಲೂ ಅಂದೆ. ಅಥವಾ ಅನ್ನಬೇಕೆಂದುಕೊಂಡೆ, ಅಮ್ಮ ಹೇಳುವ ಪ್ರಕಾರ ನಾನು ಬರೀ, ಇದು ಸರಿಯಲ್ಲಣ್ಣ, ಅಂದೆನಂತೆ. ಅವನು ಉತ್ತರ ಕೊಟ್ಟದ್ದು ಮಾತ್ರ ಇಬ್ಬರಿಗೂ ಒಂದೇ ರೀತಿ ನೆನಪಿದೆ. ಅವನು ಲೋಟ ಕೆಳಗಿಟ್ಟು ಹೇಳಿದ: "ಅಮ್ಮ ಒಂದಿನ ರೇಷ್ಮೆ ಉಡಲಿಲ್ಲಮ್ಮ. ನಾನು ತಂದಿದ್ದೂ ಉಡಲಿಲ್ಲ. ಫೋಟೋದಾಗಾದ್ರೂ ಉಟ್ಕಂಡಿರ್ಲಿ ಅಂತ ಮಾಡಿಸ್ದೆ."

ಸೀರೆ ಸರಿ, ಬಣ್ಣ ಯಾಕೆ ಅಂತ ಕೇಳಬೇಕಿತ್ತು ಅಂತ ಅವನ ಗಾಡಿ ತಿರುವು ದಾಟಿದ ಮೇಲೆ ಹೊಳೆಯಿತು. ಕೊರಟಗೆರೆಯಿಂದ ಅವನು ಫೋನು ಮಾಡಿ ಒರಿಜಿನಲ್ ಕಳಿಸುವುದನ್ನು ಮರೆಯಬೇಡ ಅಂದ. ಆಯ್ತಣ್ಣ ಅಂದೆ. ಅಮ್ಮ ಅದನ್ನು ಕೇಳಿಸಿಕೊಂಡಳು.

ದೊಡ್ಡ ಪ್ರಿಂಟು ಹಾಕುವ ಯಂತ್ರ ಇರುವ ಲ್ಯಾಬು ಸಿರಾದಲ್ಲಿತ್ತು. ನಾನೊಬ್ಬಳೇ ಹೋಗಿ ಚಿತ್ರ ಕೊಟ್ಟು ಪ್ರಿಂಟಿಗೆ ಹೇಳಿ ಬಂದೆ. ತರಲು ಹೋದಾಗ ಹಾಳೆಯ ಮೇಲೆ ಇದ್ದದ್ದು ಇನ್ನೊಬ್ಬ ಅಮ್ಮ. ಪೂರ್ತಿ ಬೆಳ್ಳಗೆ ಅಲ್ಲ, ಗೋಧಿ ಬಣ್ಣ. ಲ್ಯಾಬಿನಾತ ನನ್ನ ವಯಸ್ಸಿನವನೇ, ಮರ್ಯಾದಸ್ಥ. "ಡಾರ್ಕ್ ಬಂದಿತ್ತು ಮೇಡಂ, ಜರಾ ಎತ್ತಿದೀನಿ. ನಿಮ್ಮ ತಾಯಿಯವರು ಅಂದ್ರಲ್ಲ, ಅದಕ್ಕೆ ನಾನೇ ಖುದ್ದಾಗಿ ಕೂತು ಮಾಡಿದೆ" ಅಂದ. ಅದು ಅವನ ಉಪಕಾರ. ಎಲ್ಲರೂ ನಮಗೆ ಮಾಡುವ ಉಪಕಾರ. ಪುಸ್ತಕ ಬರೆದವರು, ಮೊಬೈಲು ಮಾಡಿದವರು, ಕ್ಯಾಮರಾ ಮಾಡಿದವರು, ಅಣ್ಣ, ಈಗ ಇವನು. ಯಾರಿಗೂ ನಮ್ಮ ಮೇಲೆ ದ್ವೇಷವಿಲ್ಲ. ಬಯ್ಯುವವರಾದರೆ ದೊಡ್ಡಮ್ಮನ ಹಾಗೆ ಬಾಗಿಲಿಗೆ ಹೋಗಿ ತಿರುಗಿ ಬಯ್ಯಬಹುದು. ಉಪಕಾರ ಮಾಡುವವರ ಬಾಗಿಲಿಗೆ ಹೋಗಿ ಏನನ್ನಬೇಕು? ನಾನು ಕೇಳದೆ ಯಾಕೆ ಮುಟ್ಟಿದಿರಿ ಅಂತ ಸ್ವರ ಏರಿಸಿದೆ. ಇದ್ದಂಗೇ ಕೊಟ್ಟರೆ ಜನ ನನ್ನ ಮೇಲೆ ಎಗರುತ್ತಾರೆ ಮೇಡಂ, ಮುಖಕ್ಕೆ ಎಸೆದು ಹೋದವರಿದ್ದಾರೆ ಅಂತ ಅವನೂ ಬೇಸರದಿಂದಲೇ ಹೇಳಿದ. ಸುಳ್ಳು ಹೇಳುತ್ತಿದ್ದ ಅಂತ ನನಗೆ ಅನ್ನಿಸಲಿಲ್ಲ.

ಮನೆಗೆ ತಂದು ತೋರಿಸಿದೆ. ಅಮ್ಮ ಮಾರನೆಯ ದಿನ ಇಸ್ತ್ರಿ ಮಾಡಿದ ಸೀರೆ ಉಟ್ಟು, ನಡಿ ಸಿರಾಕ್ಕೆ ಅಂದಳು.

ಲ್ಯಾಬಿನಲ್ಲಿ ಅವಳು ಯಾರ ಮೇಲೂ ರೇಗಲಿಲ್ಲ. ಒಂದು ಸ್ಟೂಲು ಎಳೆದುಕೊಂಡು ಕಂಪ್ಯೂಟರಿನ ಪಕ್ಕದಲ್ಲೇ, ಪರದೆಗೆ ಕೆನ್ನೆ ತಾಗುವಷ್ಟು ಹತ್ತಿರ ಕೂತಳು. "ನನ್ನ ನೋಡ್ಕಂಡು ಮಾಡಪ್ಪ. ಇಲ್ಲೇ ಕುಂತಿರ್ತೀನಿ." ಅವನು ನನ್ನ ಮುಖ ನೋಡಿದ, ಆಮೇಲೆ ಅಮ್ಮನ ಮುಖ ನೋಡಿದ, ಆಮೇಲೆ ಕೆಲಸಕ್ಕೆ ತೊಡಗಿದ. ಒಂದಿಷ್ಟು ಇಳಿಸುವುದು, ತಿರುಗಿ ಅವಳನ್ನು ನೋಡುವುದು. ಅಂಗಡಿಗೆ ಬಂದ ಬೇರೆ ಗಿರಾಕಿಗಳು ಸುಮ್ಮನೆ ನಿಂತು ನೋಡತೊಡಗಿದರು. ಒಬ್ಬ ಮುದುಕಪ್ಪ, ಇನ್ನೂ ಕೆಂಪು ಬೇಕು ಕಣಯ್ಯಾ ಕಿವಿ ಹತ್ರ, ಅಂತ ಸಲಹೆಯನ್ನೂ ಕೊಟ್ಟ. ಪರದೆಯ ಬಣ್ಣ ಸರಿಯಿದೆಯೇ ಎಂದು ಅಳೆಯಲು ಒಂದು ಉಪಕರಣ ಕೊಳ್ಳಬೇಕು ಅಂತ ನನ್ನ ಇಂಗ್ಲಿಷ್ ಪುಸ್ತಕದಲ್ಲಿತ್ತು. ಅಮ್ಮನನ್ನು ಪಕ್ಕದಲ್ಲಿ ಕೂರಿಸಬಹುದು ಅಂತ ಅದರಲ್ಲಿ ಇರಲಿಲ್ಲ. ಪುಸ್ತಕ ಬರೆದವನು ಹಾಗೆ ಬರೆಯಬೇಕಾದರೆ ಅಮ್ಮ ಅವನ ಎದುರಿಗೆ ಬಂದು ಕೂರಬೇಕಿತ್ತು.

ಬಣ್ಣ ಒಂದು ಹದಕ್ಕೆ ಬಂದಾಗ ಅವನು, ಬಿಲ್ಕುಲ್ ನೀವೇ ಅಮ್ಮ, ಅಂದ. ನಾನು ಗೆದ್ದೆವು ಅಂದುಕೊಂಡೆ. ಆಗ ಅಮ್ಮ ಪರದೆಯ ಮೇಲೆ ಬೆರಳಿಟ್ಟು, ಇಲ್ಲೊಂದು ಹಲ್ಲು ಹಾಕು ಅಂದಳು.

ನಗುವಾಗ ಮೇಲಿನ ಸಾಲಿನಲ್ಲಿ ಒಂದು ಕಿಂಡಿ ಕಾಣುತ್ತದೆ. ಹೋದ ವರ್ಷ ಕೀಳಿಸಿದ್ದು. ನಾನು ಬೇಡವೇ ಬೇಡ ಅಂದೆ. ಇಷ್ಟೆಲ್ಲ ಹೋರಾಡಿದ್ದು ಇದ್ದದ್ದು ಇದ್ದ ಹಾಗೆ ಇರಲಿ ಅಂತಲ್ಲವೇ, ಈಗ ನೀನೇ ಸುಳ್ಳು ಸೇರಿಸಿದರೆ ಆ ರೇಷ್ಮೆ ಸೀರೆಗೂ ಇದಕ್ಕೂ ಏನು ವ್ಯತ್ಯಾಸ ಅಂತ ಜನರ ಮುಂದೆಯೇ ಕೇಳಿದೆ.

"ಆ ಸೀರೆ ಅಕ್ಕಂದಲ್ಲ. ಈ ಹಲ್ಲು ನಂದೇ ಕಣೇ. ಇಷ್ಟು ವರ್ಷ ನನ್ನ ಬಾಯಾಗೇ ಇತ್ತು. ನಿಮ್ಮಪ್ಪನ ಜತೆ ನಕ್ಕಿದ್ದು ಈ ಹಲ್ಲಾಗೆ."

ನಾನು ನಂಬದೆ ನನ್ನ ನೆನಪನ್ನೇ ಕೆದಕಿದೆ. ನೆನಪಿನ ಅಮ್ಮ ನಕ್ಕಾಗಲೆಲ್ಲ ಎಲ್ಲ ಹಲ್ಲುಗಳೂ ಇದ್ದವು. ಒಂದು ವರ್ಷದಿಂದ ದಿನಾ ನೋಡುತ್ತಿರುವ ಕಿಂಡಿ ಅಲ್ಲಿಗೆ ಇನ್ನೂ ತಲುಪಿರಲಿಲ್ಲ. ಯಾವ ಅಮ್ಮನನ್ನು ಇದ್ದ ಹಾಗೆ ಅನ್ನಲಿ? ನನ್ನ ಸಿಟ್ಟಿಗೆ ನಿಲ್ಲಲು ಜಾಗ ಕಡಿಮೆಯಾಯಿತು. ಲ್ಯಾಬಿನಾತ ಈಚೆ ಬದಿಯ ಹಲ್ಲನ್ನು ನಕಲು ಮಾಡಿ, ತಿರುಗಿಸಿ, ಆಚೆ ಬದಿಗೆ ಕೂರಿಸಿದ. ಅಮ್ಮ ಒಪ್ಪಿದಳು. ಹಾಗಾದರೆ ಎರಡು ಪ್ರಿಂಟು ಹಾಕಿಸೋಣ, ಹಲ್ಲಿಲ್ಲದ್ದು ನನಗಿರಲಿ ಅಂದೆ. ಎರಡು ಬೇಡ ಅಂದಳು. ಎರಡಿದ್ದರೆ ಆರಿಸುವವರು ಹುಟ್ಟಿಕೊಳ್ಳುತ್ತಾರೆ.

ಪ್ರಿಂಟು ಬಂತು. ಗಾಜು ಹಾಕಿಸಿ, ಕಟ್ಟಿಸಿಕೊಂಡ ಮೇಲೆ ಅಮ್ಮ ಕಂಪ್ಯೂಟರಿನಲ್ಲಿ ಇದ್ದದ್ದನ್ನೆಲ್ಲ ಅಳಿಸಲು ಹೇಳಿದಳು. ಗೋಧಿ ಬಣ್ಣದ್ದೂ ಹೋಯಿತು, ಉಳಿದವೂ ಹೋದವು. ಆಮೇಲೆ ನನ್ನ ಹೆಗಲಲ್ಲಿದ್ದ ಕ್ಯಾಮರಾ ಚೀಲ ನೋಡಿ, ಅದರಾಗಿರೋದು ಅಂದಳು.

ಅದು ಒರಿಜಿನಲ್ ಅಮ್ಮ ಅಂದೆ. ಮೂಲ ಚಿತ್ರವನ್ನು ಎಂದೂ ಅಳಿಸಬಾರದು ಅಂತ ಎರಡು ಪುಸ್ತಕಗಳೂ ಹೇಳುತ್ತವೆ, ಅವು ಒಪ್ಪುವ ಕೆಲವೇ ಸಂಗತಿಗಳಲ್ಲಿ ಅದೂ ಒಂದು ಅಂತ ವಿವರಿಸಿದೆ.

"ಅಕ್ಕನ ಮಗ ಇನ್ನೊಂದ್ಸಲ ಕೇಳ್ತಾನೆ. ಅಣ್ಣ ಅಂತ ನೀನು ಆಯ್ತು ಅಂತೀಯ. ಇಲ್ದಿದ್ರೆ ಇಲ್ಲ ಅಂತ ನಿಜಾನೇ ಹೇಳ್ಬೋದು."

ಬಸ್ ಸ್ಟಾಂಡಿನ ಕಲ್ಲುಬೆಂಚಿನ ಮೇಲೆ ಫೋಟೊವನ್ನು ತೊಡೆಯ ಮೇಲಿಟ್ಟುಕೊಂಡು ಅಮ್ಮ ಕೂತಳು. ನಾನು ಕ್ಯಾಮರಾ ತೆಗೆದು, ಜಗಲಿಯ ಆ ಚಿತ್ರದವರೆಗೆ ಒತ್ತುತ್ತಾ ಹೋಗಿ, ಕಿಂಡಿ ಇರುವ ಆ ನಗುವನ್ನು ಸ್ವಲ್ಪ ಹೊತ್ತು ನೋಡಿ, ಅಳಿಸುವ ಗುಂಡಿ ಒತ್ತಿದೆ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಮೂಡಿತು. ಏನಂತದೆ ಅಂತ ಅಮ್ಮ ಕೇಳಿದಳು. ಖಂಡಿತವಾಗಿಯೂ ಅಳಿಸಲೇ ಅಂತ ಕೇಳ್ತಿದೆ ಅಂದೆ.

"ಹ್ಞೂ ಅನ್ನು."